ಆ್ಯಪ್ ಆಮೇಲೆ, ಮೊದಲು ಕಿರ್ದಿ

"ಕೋಡಿಂಗ್ ಬರಬೇಕಾಗಿಲ್ಲ, ಶನಿವಾರ-ಭಾನುವಾರ ಕೂತರೆ ಸಾಕು, ಸೋಮವಾರ ನಿಮ್ಮ ಸ್ಟಾರ್ಟಪ್ ಶುರು" ಎನ್ನುವ ರೀಲ್‌ಗಳು ಈಗ ಬಳ್ಳಾರಿ, ರಾಯಚೂರಿನ ಡಿಪ್ಲೊಮಾ ಹುಡುಗರ ಮೊಬೈಲಿಗೆ ದಿನಾ ಬಂದು ಬೀಳುತ್ತವೆ. ಕೊನೆಗೊಂದು ಕೋರ್ಸಿನ ಲಿಂಕ್ ಇದ್ದೇ ಇರುತ್ತದೆ. ಮುಹೂರ್ತ ಕೇಳಿ ಅಂಗಡಿ ತೆರೆಯುವ ಅಪ್ಪನನ್ನು ನೋಡಿ ನಗುವ ಹುಡುಗನೇ ಈ ಲಿಂಕ್ ಒತ್ತಿ ದುಡ್ಡು ಕಟ್ಟುತ್ತಾನೆ. ಕೋಡ್ ಬರೆಯದೇ ಆ್ಯಪ್ ಕಟ್ಟಲು ಬಿಡುವ ಈ ನೋ-ಕೋಡ್ ಉಪಕರಣಗಳ ಮೇಲೆ ನನಗೇನೂ ಸಿಟ್ಟಿಲ್ಲ, ಅವು ನನಗೆ ಬಹಳ ಇಷ್ಟ. ಅವು ಯಾವ ಕೆಲಸವನ್ನು ತಪ್ಪಿಸುತ್ತವೆ, ಯಾವುದನ್ನು ನಿಮ್ಮ ತಲೆಗೇ ಬಿಡುತ್ತವೆ ಎನ್ನುವುದನ್ನು ಮುಚ್ಚಿಟ್ಟು ಮಾರುವವರ ಮೇಲೆ ಸಿಟ್ಟು.

ಬಬಲ್, ಗ್ಲೈಡ್, ಆ್ಯಪ್‌ಶೀಟ್, ಏರ್‌ಟೇಬಲ್, ಯಾವುದನ್ನೇ ತೆಗೆದುಕೊಳ್ಳಿ, ಒಳಗಿನ ಕತೆ ಒಂದೇ. ಪರದೆಯ ಮೇಲೆ ಒಂದು ಬಟನ್ ಎಳೆದಿಡುತ್ತೀರಿ, ಒತ್ತಿದರೆ ಈ ಪಟ್ಟಿಗೆ ಒಂದು ಸಾಲು ಸೇರಬೇಕು ಎಂದು ಆರಿಸುತ್ತೀರಿ. ಬಟನ್ ಎಲ್ಲಿದೆ, ಒತ್ತಿದರೆ ಏನಾಗಬೇಕು, ಯಾರಿಗೆ ಕಾಣಬೇಕು ಎಂಬ ಈ ಆಯ್ಕೆಗಳೆಲ್ಲ ಒಂದು ವಿವರಣೆಯಾಗಿ ಕಂಪನಿಯ ಸರ್ವರಿನಲ್ಲಿ ಕೂರುತ್ತವೆ. ಅವರ ಎಂಜಿನಿಯರುಗಳು ಬರೆದ ಒಂದೇ ಎಂಜಿನ್ ಸಾವಿರಾರು ಗಿರಾಕಿಗಳ ಇಂಥ ವಿವರಣೆಗಳನ್ನು ಓದುತ್ತ, ಓದಿದ ಹಾಗೆ ಆಡಿಸುತ್ತ ಹೋಗುತ್ತದೆ. ಅಂದಮೇಲೆ ನೀವು ಮಾಡಿದ್ದೂ ಪ್ರೋಗ್ರಾಮೇ. ಟೈಪ್ ಮಾಡಲಿಲ್ಲ, ಅಷ್ಟೇ. ಇಂಥ ಆ್ಯಪ್‌ಗಳು ಕೆಲವೊಮ್ಮೆ ನಿಧಾನ ಅನ್ನಿಸುವುದಕ್ಕೂ, ಅವನ್ನು ಗಂಟು ಕಟ್ಟಿ ಬೇರೆ ಕಡೆಗೆ ಒಯ್ಯಲಾಗದೇ ಇರುವುದಕ್ಕೂ ಕಾರಣ ಇಲ್ಲೇ ಇದೆ. ಬಬಲ್‌ನಲ್ಲಿ ಕಟ್ಟಿದ್ದರೆ ನಿಮ್ಮ ದತ್ತಾಂಶ ಹೊರಗೆ ಬರುತ್ತದೆ, ಆ್ಯಪ್ ಬರುವುದಿಲ್ಲ. ವಿವರಣೆ ನಿಮ್ಮದಾದರೂ ಅದನ್ನು ಓದಬಲ್ಲ ಎಂಜಿನ್ ಅವರ ಹತ್ತಿರವೇ ಇರುತ್ತದೆ.

"ಇನ್ನು ಪ್ರೋಗ್ರಾಮರ್ ಬೇಡ" ಎಂಬ ಘೋಷಣೆ ಹೊಸದೇನಲ್ಲ. 1952ರಲ್ಲಿ ಗ್ರೇಸ್ ಹಾಪರ್ ಎ-0 ಎಂಬ ಕಂಪೈಲರ್ (ಪ್ರೋಗ್ರಾಮಿನ ತುಂಡುಗಳನ್ನು ಯಂತ್ರವೇ ಜೋಡಿಸಿಕೊಳ್ಳುವಂತೆ ಮಾಡುವ ತಂತ್ರಾಂಶ) ಮಾಡಿದಾಗ, ಯಂತ್ರ ಲೆಕ್ಕ ಮಾಡಬಲ್ಲದೇ ಹೊರತು ತನ್ನ ಪ್ರೋಗ್ರಾಮನ್ನು ತಾನೇ ಜೋಡಿಸಿಕೊಳ್ಳಲಾರದು ಎಂದೇ ಹೆಚ್ಚಿನವರು ನಂಬಿದ್ದರು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ತಂದಿತು, ಸೂತ್ರ ಬರೆದರೆ ಸಾಕಾಯಿತು. ಆಮೇಲೆ ಕೋಬಾಲ್ ಬಂತು, ವ್ಯವಹಾರದವರೇ ಓದಿ ತಿಳಿಯಬಹುದಾದ ಭಾಷೆ ಎಂಬ ಆಸೆ ಹೊತ್ತು. ಪ್ರತಿ ಸಲವೂ ಪ್ರೋಗ್ರಾಮರುಗಳ ಸಂಖ್ಯೆ ಇಳಿಯುವ ಬದಲು ಏರಿತು. ಆದರೆ ಇದೇ ಸಾಲಿನಲ್ಲಿ ಬಂದ ಒಂದು ಉಪಕರಣ ಮಾತ್ರ ಮಾತು ಉಳಿಸಿಕೊಂಡಿತು, ಅದು ಸ್ಪ್ರೆಡ್‌ಶೀಟ್. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಪ್ರಾಧ್ಯಾಪಕರು ಕಪ್ಪುಹಲಗೆಯ ಮೇಲೆ ಒಂದು ಅಂಕಿ ತಿದ್ದಿ, ಅದಕ್ಕೆ ತಗುಲಿಕೊಂಡ ಇಡೀ ಸಾಲನ್ನು ಅಳಿಸಿ ಬರೆಯುವುದನ್ನು ಕಂಡರು. ಒಂದನ್ನು ತಿದ್ದಿದರೆ ಉಳಿದದ್ದು ತಾನೇ ತಿದ್ದಿಕೊಳ್ಳಬಾರದೇಕೆ? ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ಆಪಲ್-2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ತಂದರು. ಆ ಒಂದು ತಂತ್ರಾಂಶಕ್ಕಾಗಿಯೇ ಜನ ಕಂಪ್ಯೂಟರ್ ಕೊಂಡರು. ಇವತ್ತು ಎಕ್ಸೆಲ್‌ನಲ್ಲಿ ಮೊತ್ತದ ಸೂತ್ರ ಹಾಕುವ ಗಂಗಾವತಿಯ ರೈಸ್ ಮಿಲ್ ಗುಮಾಸ್ತರು ತಮ್ಮನ್ನು ಪ್ರೋಗ್ರಾಮರ್ ಎಂದುಕೊಂಡಿಲ್ಲ. ನನ್ನ ಲೆಕ್ಕದಲ್ಲಿ ಅವರು ಪ್ರೋಗ್ರಾಮರೇ.

ಸರಿ, ಈಗ ನನಗೆ ಬೇಕಾದ ಜಾಗಕ್ಕೆ ಬರುತ್ತೇನೆ: ಬಳ್ಳಾರಿಯ ಜೀನ್ಸ್.

ಬಳ್ಳಾರಿ ಜೀನ್ಸ್ ಒಂದೇ ಸೂರಿನಡಿ ಹುಟ್ಟುವುದಿಲ್ಲ. ಒಂದು ಕಡೆ ಕಟಿಂಗ್, ಹೊಲಿಗೆ ಹತ್ತಾರು ಕಡೆ ಜಾಬ್ ವರ್ಕಿಗೆ, ಆಮೇಲೆ ವಾಷಿಂಗ್, ಮತ್ತೆ ಗುಂಡಿ, ಇಸ್ತ್ರಿ, ಪ್ಯಾಕಿಂಗ್. ಮಾಲು ಊರು ತುಂಬ ಓಡಾಡುತ್ತದೆ. ಯೂನಿಟ್ ಮಾಲೀಕರನ್ನು ಕೇಳಿ ನೋಡಿ: "ನಮಗ ದೊಡ್ಡ ಆ್ಯಪ್ ಬ್ಯಾಡ್ರೀ, ಯಾರ ಹತ್ರ ಎಷ್ಟು ಪೀಸ್ ಅದಾವು ಅಂತ ಸಂಜಿಗೆ ಗೊತ್ತಾದ್ರ ಸಾಕ್ರೀ." ಇಲ್ಲೊಂದು ನಿಜವಾದ ಸ್ಟಾರ್ಟಪ್ ಕೂತಿದೆ. ಹುಡುಗ ಬರುತ್ತಾನೆ, ಗೂಗಲ್ ಶೀಟ್ ತೆರೆಯುತ್ತಾನೆ, ಒಂದು ಲಾಟ್‌ಗೆ, ಅಂದರೆ ಒಟ್ಟಿಗೆ ಕತ್ತರಿಸಿದ ಒಂದು ಕಂತೆಗೆ, ಒಂದು ಸಾಲು ಹಾಕುತ್ತಾನೆ. ಲಾಟ್ ನಂಬರ್, ಒಟ್ಟು ಪೀಸ್, ಹೊಲಿಗೆಗೆ ಕೊಟ್ಟದ್ದು, ವಾಪಸ್ ಬಂದದ್ದು, ಬಾಕಿ. ನೋಡಲು ಚೆನ್ನಾಗಿದೆ. ಮೂರನೇ ದಿನ ಒಂದೇ ಲಾಟ್ ಇಬ್ಬರು ಟೇಲರುಗಳಿಗೆ ಹೋಗುತ್ತದೆ. ಹುಡುಗ "ಟೇಲರ್ 1", "ಟೇಲರ್ 2" ಎಂದು ಕಾಲಂ ಹೆಚ್ಚಿಸುತ್ತಾನೆ. ಮೂರನೆಯವನು ಬರುತ್ತಾನೆ. ನಾಲ್ಕನೆಯವನು ಅರ್ಧ ಹೊಲಿದು, ಉಳಿದದ್ದನ್ನು ಎರಡನೆಯವನಿಗೆ ದಾಟಿಸುತ್ತಾನೆ. ಕಾಲಂಗಳು ಬಲಕ್ಕೆ ಬೆಳೆಯುತ್ತ ಬೆಳೆಯುತ್ತ ಆ್ಯಪ್ ಅಲ್ಲಿಗೇ ನಿಲ್ಲುತ್ತದೆ. ನಿಂತದ್ದು ನೋ-ಕೋಡ್‌ನ ದೋಷದಿಂದಲ್ಲ. ಇದೇ ಪಟ್ಟಿಯನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರೂ ನಿಲ್ಲುತ್ತಿತ್ತು.

ಪ್ರಶ್ನೆ ಇರುವುದು ಒಂದೇ: ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಅಂದರೆ ಏನು?

ರಾಯಚೂರು ಎಪಿಎಂಸಿಯ ಹಳೆಯ ದಲಾಲಿ ಅಂಗಡಿಯ ಗುಮಾಸ್ತರಿಗೆ ಇದರ ಉತ್ತರ ಗೊತ್ತಿತ್ತು. ಅವರ ಮುಂದೆ ಎರಡು ಪುಸ್ತಕ. ಒಂದು ಕಿರ್ದಿ, ನಡೆದದ್ದನ್ನು ನಡೆದ ಹಾಗೆ ದಿನದ ಕ್ರಮದಲ್ಲಿ ಬರೆಯುವುದು. ಇನ್ನೊಂದು ಖಾತೆ, ಕಿರ್ದಿಯಿಂದ ಎತ್ತಿ ಒಬ್ಬೊಬ್ಬರ ಹೆಸರಿಗೆ ಹಾಕುವುದು. ಬಾಕಿ ಎನ್ನುವುದು ಲೆಕ್ಕ ಹಾಕಿ ಪಡೆಯುವ ಸಂಗತಿ, ಮೂಲ ಅಲ್ಲ. ಮೂಲ ಕಿರ್ದಿ, ಮತ್ತು ಕಿರ್ದಿಯಲ್ಲಿ ಅಳಿಸುವಂತಿಲ್ಲ. ತಪ್ಪು ಬರೆದಿದ್ದರೆ ಅದನ್ನು ಸರಿದೂಗಿಸುವ ಇನ್ನೊಂದು ಸಾಲು ಬರೆಯಬೇಕು. 1494ರಲ್ಲಿ ಲೂಕಾ ಪಚೋಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಗಣಿತದ ಗ್ರಂಥದಲ್ಲಿ ಜಮಾ-ಖರ್ಚಿನ ಪದ್ಧತಿಯನ್ನು ವಿವರಿಸಿದ್ದಾನೆ. ಅವನೂ ಅದನ್ನು ಕಂಡುಹಿಡಿಯಲಿಲ್ಲ, ಅಲ್ಲಿನ ವ್ಯಾಪಾರಿಗಳು ಆಗಲೇ ಮಾಡುತ್ತಿದ್ದದ್ದನ್ನು ಬರೆದಿಟ್ಟ.

ಜೀನ್ಸಿಗೆ ಬನ್ನಿ. ಸಾಲು ಅಂದರೆ ಲಾಟ್ ಅಲ್ಲ, ಒಂದು ಸಾಗಾಟ. ದಿನಾಂಕ, ಲಾಟ್, ಯಾರಿಂದ, ಯಾರಿಗೆ, ಎಷ್ಟು ಪೀಸ್. ಐದೇ ಕಾಲಂ. 600 ಪೀಸಿನ ಲಾಟ್ ಎಂದಿಟ್ಟುಕೊಳ್ಳಿ. ಕಟಿಂಗ್‌ನಿಂದ ಮೊದಲನೇ ಟೇಲರಿಗೆ 250, ಎರಡನೆಯವರಿಗೆ 350, ಎರಡು ಸಾಲು. ಮೊದಲನೆಯವರು 180 ವಾಪಸ್ ಕೊಟ್ಟರು, ಇನ್ನೊಂದು ಸಾಲು. ಅವರ ಹತ್ತಿರ ಎಷ್ಟಿವೆ? ಬಂದದ್ದರ ಮೊತ್ತದಿಂದ ಹೋದದ್ದರ ಮೊತ್ತ ಕಳೆದರೆ 70. ಟೇಲರುಗಳು ಇಬ್ಬರಾಗಲಿ, ನಲವತ್ತಾಗಲಿ, ಕಾಲಂ ಐದೇ. ಕೂಲಿ ಲೆಕ್ಕವೂ ಇದರಿಂದಲೇ ಬರುತ್ತದೆ, ವಾಷಿಂಗ್‌ನಲ್ಲಿ ಕೆಟ್ಟದ್ದೂ ಬರುತ್ತದೆ. "ರಿಜೆಕ್ಟ್" ಎಂಬುದನ್ನೇ ಒಂದು ಜಾಗವೆಂದು ಹೆಸರಿಸಿ ಅಲ್ಲಿಗೆ ಸಾಗಿಸಿದರಾಯಿತು.

ಇದರ ಇನ್ನೊಂದು ಗುಣ ನನಗೆ ತುಂಬ ಖುಷಿ ಕೊಡುತ್ತದೆ, ಸ್ವಲ್ಪ ಎಳೆದರೂ ಹೇಳಿಬಿಡುತ್ತೇನೆ. ಬಾಕಿಯನ್ನೇ ಬರೆದಿಡುವ ಪಟ್ಟಿಯಲ್ಲಿ 70 ಇದೆ. ಇಬ್ಬರು ಸೂಪರ್‌ವೈಸರುಗಳು ಒಂದೇ ಹೊತ್ತಿಗೆ ಮೊಬೈಲ್ ತೆರೆದರು. ಇಬ್ಬರಿಗೂ 70 ಕಾಣಿಸಿತು. ಒಬ್ಬರು 30 ಪೀಸ್ ಪಡೆದು 40 ಎಂದು ಬರೆದರು. ಇನ್ನೊಬ್ಬರು 20 ಪಡೆದು 50 ಎಂದು ಬರೆದರು. ಕೊನೆಗೆ ಬರೆದವರದೇ ಗೆಲುವು, ಪಟ್ಟಿಯಲ್ಲಿ 50 ಉಳಿಯಿತು. ನಿಜವಾಗಿ ಉಳಿದದ್ದು 20. ಮೂವತ್ತು ಪ್ಯಾಂಟು ಕಾಗದದ ಮೇಲೆ ಟೇಲರ್ ತಲೆಗೆ ಬಂತು, ಯಾರೂ ಕದ್ದಿಲ್ಲ. ಸಂಜೆ ಜಗಳ. ಸಾಗಾಟವನ್ನು ಬರೆಯುವ ಪಟ್ಟಿಯಲ್ಲಿ ಇದು ಆಗುವುದಿಲ್ಲ, ಏಕೆಂದರೆ ಯಾರೂ ಹಳೆಯದನ್ನು ತಿದ್ದುತ್ತಿಲ್ಲ. "30 ಬಂತು" ಒಂದು ಸಾಲು, "20 ಬಂತು" ಇನ್ನೊಂದು, ಯಾವುದು ಮೊದಲು ಸೇರಿದರೂ ಮೊತ್ತ ಅದೇ. ವಾಷಿಂಗ್ ಯೂನಿಟ್ಟಿನೊಳಗೆ ನೆಟ್‌ವರ್ಕ್ ಸಿಗದಿದ್ದರೂ ಪರವಾಗಿಲ್ಲ. ಆ್ಯಪ್‌ಶೀಟ್‌ನಂಥವು ಸಿಗ್ನಲ್ ಇಲ್ಲದಾಗ ಮೊಬೈಲಿನಲ್ಲೇ ಸಾಲನ್ನು ಹಿಡಿದಿಟ್ಟುಕೊಂಡು, ಸಿಕ್ಕಾಗ ಕಳಿಸುತ್ತವೆ. ಕೂಡುವ ಲೆಕ್ಕಕ್ಕೆ ತಡವಾಗಿ ಬಂದ ಸಾಲೂ ಒಂದೇ, ಬೇಗ ಬಂದದ್ದೂ ಒಂದೇ.

ಟೇಲರುಗಳ ಹೆಸರು, ಫೋನ್ ನಂಬರ್, ಪೀಸ್ ರೇಟ್ ಬೇರೆಯದೇ ಪಟ್ಟಿಯಲ್ಲಿರಲಿ. ಸಾಗಾಟದ ಸಾಲಿನಲ್ಲಿ ಅವರ ಸಂಕೇತ ಮಾತ್ರ ಇರಲಿ. ಒಂದು ಸಂಗತಿ ಒಂದೇ ಜಾಗದಲ್ಲಿರಬೇಕು ಎಂಬ ಈ ಶಿಸ್ತಿಗೆ ಗಣಿತದ ತಳಹದಿ ಹಾಕಿದವರು ಐಬಿಎಂನ ಎಡ್ಗರ್ ಕಾಡ್, 1970ರ ಒಂದು ಪ್ರಬಂಧದಲ್ಲಿ. ಸಂಕೇತ ಏಕೆ ಬೇಕು ಎಂದರೆ ನಮ್ಮ ಕಡೆಯ ಹೆಸರುಗಳನ್ನೇ ನೋಡಿ. ಹುಸೇನಪ್ಪ, ಹುಸೇನಪ, ಹುಸೇನ್ ಸಾಬ್, ಮೂರೂ ಒಬ್ಬರೇ ಎಂದು ಮೇಸ್ತ್ರಿಗೆ ಗೊತ್ತು, ಶೀಟಿಗೆ ಗೊತ್ತಿಲ್ಲ. ಹಳೆಯ ಫೈಲು ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದರಂತೂ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಈಗಿನ ಮೊಬೈಲುಗಳು ಬಳಸುವ ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಪರಿವರ್ತಕ ಹಾಕಿ ಯೂನಿಕೋಡಿಗೆ ತಂದ ಮೇಲೆ ಮುಂದಿನ ಕೆಲಸ.

ಇದೆಲ್ಲ ಆದಮೇಲೆ ಆ್ಯಪ್ ಎಳೆದು ಬಿಡುವುದು ನಿಜಕ್ಕೂ ಒಂದೆರಡು ದಿನದ ಕೆಲಸ. ರೀಲ್‌ನವರು ಆ ಒಂದೆರಡು ದಿನವನ್ನು ಮಾತ್ರ ತೋರಿಸುತ್ತಾರೆ.

ತಾನಾಗಿ ನಡೆಯುವ ಜೋಡಣೆಗಳ ಬಗ್ಗೆ ಎರಡು ಮಾತು. "ಸಾಲು ಸೇರಿದರೆ ಸಂದೇಶ ಕಳಿಸು" ಎಂಬಂಥ ನಿಯಮಗಳನ್ನು ಜ್ಯಾಪಿಯರ್ ತರಹದ ಸೇವೆಗಳು ನಡೆಸುತ್ತವೆ. ಕೆಲವು ಕಡೆ ಅವು ಆಗಾಗ ಹೋಗಿ ಹೊಸದೇನಾದರೂ ಇದೆಯೇ ಎಂದು ನೋಡಿ ಬರುತ್ತವೆ, ಕೆಲವು ಕಡೆ ಘಟನೆ ನಡೆದ ಕೂಡಲೇ ಸುದ್ದಿ ಅವುಗಳಿಗೆ ತಲುಪುತ್ತದೆ. ಮೊದಲ ಬಗೆಯದಾದರೆ ತಡವಾಗುತ್ತದೆ. ಇನ್ನೊಂದು ಅಪಾಯ ಸುತ್ತುವುದು: "ಸಾಲು ಬದಲಾದರೆ, ಬದಲಾದ ಸಮಯ ಬರೆ" ಎಂದು ನಿಯಮ ಹಾಕಿದಿರಿ. ಸಮಯ ಬರೆದದ್ದೂ ಬದಲಾವಣೆಯೇ. ಮತ್ತೆ ನಿಯಮ ಓಡುತ್ತದೆ, ಮತ್ತೆ ಬರೆಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಿಯಮ ಓಡಿಸಲು ಸೇವೆ ಕೊಟ್ಟ ತಿಂಗಳ ಕೋಟಾ ಖಾಲಿ.

ಮಿತಿಗಳನ್ನು ಓದದೇ ಹೋದರೆ ದೊಡ್ಡವರೂ ಬೀಳುತ್ತಾರೆ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ನಮೂನೆಯ ಫೈಲಿಗೆ ತುಂಬುತ್ತಿತ್ತು. ಆ ನಮೂನೆಯಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ. ತುಂಬಿದ ಮೇಲೆ ಬಂದದ್ದು ಸದ್ದಿಲ್ಲದೆ ಬಿದ್ದುಹೋಯಿತು, 15,841 ಸೋಂಕಿತರು ದಿನದ ಲೆಕ್ಕದಿಂದ ಹೊರಗುಳಿದರು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು. 2021ರಲ್ಲಿ ಮೈಕ್ರೋಸಾಫ್ಟ್ ಪವರ್ ಆ್ಯಪ್ಸ್‌ನಲ್ಲಿ ಕಟ್ಟಿದ ಹಲವು ಸಂಸ್ಥೆಗಳ ಪೋರ್ಟಲ್‌ಗಳಿಂದ 3.8 ಕೋಟಿ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ತೆರೆದಿದ್ದದ್ದು ಬೆಳಕಿಗೆ ಬಂತು. ಬೀಗ ಹಾಕುವ ಆಯ್ಕೆ ಇತ್ತು, ಆದರೆ ಅದನ್ನು ಕಟ್ಟಿದವರೇ ಹಾಕಿಕೊಳ್ಳಬೇಕಿತ್ತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಟೇಲರುಗಳ ಆಧಾರ್ ಸಂಖ್ಯೆಯನ್ನು "ಲಿಂಕ್ ಇದ್ದವರೆಲ್ಲ ನೋಡಬಹುದು" ಎಂಬ ಶೀಟಿನಲ್ಲಿ ಇಡುವ ಹುಡುಗರಿಗೆ ಯಾರಾದರೂ ಇದನ್ನು ಹೇಳಿ. ಇನ್ನು ಉಪಕರಣವೇ ಕಣ್ಮರೆಯಾಗುವುದುಂಟು: ಗೂಗಲ್ ತನ್ನ ಆ್ಯಪ್ ಮೇಕರನ್ನು 2021ರ ಜನವರಿಯಲ್ಲಿ ಮುಚ್ಚಿತು, ಅಮೆಜಾನ್ 2020ರಲ್ಲಿ ತಂದ ಹನಿಕೋಡ್ 2024ರ ಫೆಬ್ರವರಿ 29ರಂದು ನಿಂತಿತು. ವಾರಕ್ಕೊಮ್ಮೆ ಎಲ್ಲ ಪಟ್ಟಿಗಳ ಸಿಎಸ್‌ವಿ (ಸಾದಾ ಪಠ್ಯದ ಫೈಲು) ಪ್ರತಿ ಇಳಿಸಿಕೊಳ್ಳುವುದು ದುಡ್ಡಿಲ್ಲದ ವಿಮೆ. ಐದು ಕಾಲಂನ ಸಾಗಾಟದ ಪಟ್ಟಿ ಯಾವ ಉಪಕರಣಕ್ಕಾದರೂ ಹೋಗಿ ಕೂರುತ್ತದೆ.

ಸ್ಟಾರ್ಟಪ್ ಎಂಬುದರ ವ್ಯಾಪಾರದ ಭಾಗ ಇನ್ನೂ ಸರಳ, ಆದರೆ ಕಷ್ಟ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಅಮೆರಿಕದಲ್ಲಿ ಊರಿನ ಚಪ್ಪಲಿ ಅಂಗಡಿಗಳಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸಿದರು. ಗೋದಾಮು ಇಲ್ಲ, ಯಂತ್ರ ಇಲ್ಲ, ಪ್ರತಿ ಜೋಡಿಗೂ ನಷ್ಟ. ಜನ ನೋಡದೆ, ಹಾಕಿಕೊಳ್ಳದೆ ಶೂ ಕೊಳ್ಳುತ್ತಾರೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಮುಂದೆ ಅದು ಝಾಪೋಸ್ ಆಗಿ, 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ನೋ-ಕೋಡ್‌ನ ನಿಜವಾದ ಶಕ್ತಿ ಇಂಥ ಪರೀಕ್ಷೆಯನ್ನು ಅಗ್ಗ ಮಾಡುವುದರಲ್ಲಿದೆ. ಬಳ್ಳಾರಿಯಲ್ಲಾದರೆ ಆ್ಯಪ್ ಕೂಡ ಬೇಡ. ಮೊದಲ ತಿಂಗಳು ಸೂಪರ್‌ವೈಸರ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ನೀವೇ ಕೂತು ಶೀಟಿಗೆ ತುಂಬಿ, ಸಂಜೆ ಏಳಕ್ಕೆ ಮಾಲೀಕರಿಗೆ ಬಾಕಿ ಪಟ್ಟಿ ಕಳಿಸಿ, ತಿಂಗಳ ಕೊನೆಗೆ ಯುಪಿಐನಲ್ಲಿ ದುಡ್ಡು ಕೇಳಿ. ಕೊಟ್ಟರೆ ಆ್ಯಪ್ ಕಟ್ಟಿ. "ಚಲೋ ಐತಿ, ಮುಂದ ನೋಡೋಣು" ಅಂದರೆ ಕಟ್ಟಬೇಡಿ.

ಕಟ್ಟುವಾಗ ದರದ ಲೆಕ್ಕ ನೋಡಿಕೊಳ್ಳಿ. ಇಂಥ ಸೇವೆಗಳಲ್ಲಿ ಅನೇಕವು ಬಳಕೆದಾರರ ತಲೆ ಎಣಿಸಿ ಡಾಲರಿನಲ್ಲಿ ಹಣ ಕೇಳುತ್ತವೆ. ನಲವತ್ತು ಟೇಲರುಗಳಿಗೂ ಲಾಗಿನ್ ಕೊಟ್ಟರೆ ಲಾಭ ಅಲ್ಲೇ ಕರಗುತ್ತದೆ. ಲಾಗಿನ್ ಮೂವರು ಸೂಪರ್‌ವೈಸರುಗಳಿಗೆ, ಟೇಲರುಗಳಿಗೆ ಸಂದೇಶ ಮಾತ್ರ. ಕಟಿಂಗ್ ಮಾಸ್ಟರ್ ಕಟ್ಟುವ ಚೀಟಿಯ ಮೇಲೆ ಲಾಟ್‌ನ ಕ್ಯೂಆರ್ ಇದ್ದರೆ ಮೊಬೈಲ್ ಕ್ಯಾಮೆರಾ ಅದನ್ನು ಓದುತ್ತದೆ, ನಂಬರ್ ತಪ್ಪಾಗುವುದು ನಿಲ್ಲುತ್ತದೆ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುತ್ತದಲ್ಲ, ನೋ-ಕೋಡ್ ಏಕೆ ಎನ್ನುವವರಿದ್ದಾರೆ. ಬರೆಯಲಿ. "ಲಾಟ್‌ಗೆ ಒಂದು ಸಾಲು" ಎಂದು ನೀವೇ ಹೇಳಿಕೊಟ್ಟರೆ ಅದನ್ನೇ ಇನ್ನೂ ವೇಗವಾಗಿ ಕಟ್ಟಿಕೊಡುತ್ತದೆ.

ಬಳ್ಳಾರಿಯ ಐದು ಕಾಲಂಗಳನ್ನು ಹಾಗೇ ಎತ್ತಿಕೊಂಡು ಗಂಗಾವತಿಗೆ ಹೋಗಬೇಡಿ ಎಂದೂ ಹೇಳಬೇಕು. ಪ್ಯಾಂಟು ಎಲ್ಲಿಗೆ ಹೋದರೂ ಪ್ಯಾಂಟೇ, 70 ಹೋದರೆ 70 ಬರಬೇಕು. ರೈಸ್ ಮಿಲ್ಲಿನಲ್ಲಿ ಭತ್ತ ಒಳಗೆ ಹೋಗಿ ಬೇರೆಯೇ ಆಗಿ ಹೊರಬರುತ್ತದೆ. ಸರ್ಕಾರಿ ಖರೀದಿಯ ಲೆಕ್ಕದಲ್ಲಿ 100 ಕೆಜಿ ಭತ್ತಕ್ಕೆ ಮಿಲ್ಲಿನವರು 67 ಕೆಜಿ ಹಸಿ ಅಕ್ಕಿ (ಕುದಿಸದ ಭತ್ತದ ಅಕ್ಕಿ) ಕೊಡಬೇಕು. ಉಳಿದದ್ದು ತವಡು, ಉಮಿ, ಮತ್ತು ಗಾಳಿಗೆ ಹೋದ ತೇವಾಂಶ. ನುಚ್ಚಿನ ಲೆಕ್ಕ ಬೇರೆ. ಇಲ್ಲಿ "ಯಾರಿಂದ, ಯಾರಿಗೆ" ಎಂಬ ಸಾಲು ಸಾಲದು. ಒಂದು ಅರೆತವೇ, ಅಂದರೆ ಒಂದು ಸಲ ಮಿಲ್ಲಿಗೆ ಹಾಕಿ ತೆಗೆದದ್ದೇ, ಒಂದು ಸಾಲಾಗಬೇಕು. ಅದಕ್ಕೆ ಹೊಂದಿಕೊಂಡು ಇನ್ನೊಂದು ಪಟ್ಟಿಯಲ್ಲಿ, ಆ ಅರೆತಕ್ಕೆ ಒಳಗೆ ಹೋದದ್ದು ಎಷ್ಟು, ಹೊರಗೆ ಬಂದ ಒಂದೊಂದು ಪದಾರ್ಥ ಎಷ್ಟು ಎಂಬ ಸಾಲುಗಳು. ಎರಡೂ ಕಡೆ ತೂಕದ ಮೊತ್ತ ಹೊಂದದಿದ್ದರೆ ವ್ಯತ್ಯಾಸಕ್ಕೆ "ತೇವಾಂಶ" ಎಂದು ಸುಮ್ಮನೆ ಹೆಸರಿಟ್ಟುಬಿಡಬಾರದು. ಭತ್ತ ಇಳಿಸುವಾಗ ತೇವಾಂಶದ ಮೀಟರಿನಲ್ಲಿ ಅಳೆದ ಅಂಕಿಯೂ ಅದೇ ಸಾಲಿನಲ್ಲಿರಬೇಕು, ಇಲ್ಲವಾದರೆ ತೂಕ ಒಣಗಿ ಹೋಯಿತೋ, ಹಿಂದಿನ ಬಾಗಿಲಿನಿಂದ ಹೋಯಿತೋ ಎಂದು ಯಾವ ಆ್ಯಪ್ ಕೂಡ ಹೇಳಲಾರದು.