3 ಅಡಿ ರೀಫ್ ಟ್ಯಾಂಕಿಗೆ ಎಷ್ಟು ವ್ಯಾಟಿನ ಎಲ್‌ಇಡಿ ಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯಲ್ಲಿ 3 ಅಡಿ ಉದ್ದದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಮೀನುಗಳು ಚೆನ್ನಾಗಿವೆ, ಇನ್ನು ಹವಳ ಇಡುವ ಆಸೆ. ಒಬ್ಬರು 165 ವ್ಯಾಟ್ ಲೈಟ್ ಸಾಕು ಅಂತಾರೆ, ಇನ್ನೊಬ್ಬರು 300 ಬೇಕೇ ಬೇಕು ಅಂತಾರೆ. ಯಾವುದು ಸರಿ?

ಉತ್ತರ: ವ್ಯಾಟ್ ನೋಡಿ ರೀಫ್ ಲೈಟ್, ಅಂದರೆ ಹವಳದ ಟ್ಯಾಂಕಿನ ಲೈಟ್, ಕೊಳ್ಳಬೇಡಿ. ಲೈಟು ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದನ್ನಷ್ಟೇ ವ್ಯಾಟ್ ಹೇಳುತ್ತದೆ. ಅದರಲ್ಲೂ ಡಬ್ಬಿಯ ಮೇಲಿನ ಸಂಖ್ಯೆ ಎಷ್ಟೋ ಸಲ ಬರೀ ಗುಣಾಕಾರ. ಹವ್ಯಾಸಿಗಳು ‘ಬ್ಲ್ಯಾಕ್ ಬಾಕ್ಸ್’ ಅನ್ನುವ ಅಗ್ಗದ ಲೈಟನ್ನೇ ನೋಡಿ. 3 ವ್ಯಾಟಿನ 55 ಬಲ್ಬ್ ಇರುವುದಕ್ಕೆ ಅದು 165 ವ್ಯಾಟ್. ಗೋಡೆಯಿಂದ ಎಳೆಯುವುದು ಸುಮಾರು 110ರಿಂದ 120 ವ್ಯಾಟ್. ಲ್ಯೂಮೆನ್ ಕೂಡ ಇಲ್ಲಿ ಕೆಲಸಕ್ಕೆ ಬರಲ್ಲ. ಅದು ಮನುಷ್ಯರ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಕಾಣುತ್ತದೆ, ಹವಳಕ್ಕೆ ಬೇಕಾದದ್ದು ನೀಲಿ.

ನೀಲಿಯೇ ಯಾಕೆ? ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸ ಮಾಡುತ್ತವೆ. ಅವು ಬೆಳಕಿನಲ್ಲಿ ಸಕ್ಕರೆ ತಯಾರಿಸಿ, ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ಸಮುದ್ರದ ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಹತ್ತು ಮೀಟರ್ ಕೆಳಗೆ ಹೋದರೆ ಉಳಿದಿರುವುದು ಹೆಚ್ಚಾಗಿ ನೀಲಿ, ಹಸಿರು. ಹಾಗಾಗಿ ಈ ಪಾಚಿಗಳು 400ರಿಂದ 500 ನ್ಯಾನೋಮೀಟರಿನ ನೇರಳೆ ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಕತ್ತಲ ಕೋಣೆಯಲ್ಲಿ ಹವಳಗಳು ಹಸಿರು, ಕಿತ್ತಳೆ ಬಣ್ಣದಲ್ಲಿ ಫಳಫಳ ಅನ್ನುವುದೂ ಇದೇ ನೀಲಿ ಬೆಳಕಿನಿಂದ. ಅವುಗಳಲ್ಲಿರುವ ಪ್ರೋಟೀನುಗಳು ನೀಲಿಯನ್ನು ಹೀರಿ ಬೇರೆ ಬಣ್ಣ ಹೊರಬಿಡುತ್ತವೆ. ಇಂಥ ಒಂದು ಕೆಂಪು ಪ್ರೋಟೀನನ್ನು ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದ್ದು ಡಿಸ್ಕೊಸೋಮಾದಿಂದ. ಅಂದರೆ ಹವ್ಯಾಸಿಗಳು ‘ಮಶ್ರೂಮ್’ ಅಂತ ಸಾಕುವ ಜಾತಿಯಿಂದಲೇ! ಇವತ್ತು ಎಷ್ಟೋ ಲ್ಯಾಬುಗಳಲ್ಲಿ ಜೀವಕೋಶಗಳಿಗೆ ಗುರುತು ಹಾಕಲು ಅದನ್ನು ಬಳಸುತ್ತಾರೆ.

ಹಾಗಾದರೆ ಯಾವ ಅಳತೆ ನೋಡಬೇಕು? ಪಾರ್. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು ಹವಳ ಕೂತಿರುವ ಜಾಗದಲ್ಲಿ ಎಷ್ಟು ಬೀಳುತ್ತಿದೆ ಅನ್ನುವ ಸಂಖ್ಯೆ ಅದು. ಮಶ್ರೂಮ್, ಜೋವಾ, ಲೆದರ್ ತರಹದ ಮೆತ್ತನೆ ಹವಳಗಳಿಗೆ 50ರಿಂದ 150 ಪಾರ್ ಇದ್ದರೆ ಹಾಯಾಗಿರುತ್ತವೆ. ಅಕ್ರೋಪೋರಾದಂಥ ಕವಲು ಕವಲಿನ ಕಲ್ಲು ಹವಳಗಳಿಗೆ 200ರಿಂದ 350 ಬೇಕು. ‘ಎಷ್ಟು ವ್ಯಾಟ್’ ಅನ್ನುವ ಜಗಳ ಹುಟ್ಟುವುದೇ ಇಲ್ಲಿ. 300 ಅಂದವರ ತಲೆಯಲ್ಲಿ ಇರುವುದು ಬಹುಶಃ ಅಕ್ರೋಪೋರಾ.

ಆದರೆ ನೀವು ಇರುವುದು ಭಾರತದಲ್ಲಿ. ಇಲ್ಲಿ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಸೀ ಫ್ಯಾನ್, ಫೈರ್ ಕೋರಲ್ ಅನ್ನುವ ಬಗೆಗಳೂ ಅದೇ ಪಟ್ಟಿಯಲ್ಲಿವೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಡೈವಿಂಗ್ ಮಾಡುವಾಗ ಹವಳ ಕಂಡರೆ ನೋಡಿ ಖುಷಿಪಡಿ, ಒಂದು ಚೂರನ್ನೂ ಎತ್ತಬೇಡಿ. ಅಂಗಡಿಯವರು ‘ಇದು ಇಂಪೋರ್ಟೆಡ್’ ಅಂದರೆ ಕಾಗದಪತ್ರ ಕೇಳಿ. ತೋರಿಸದಿದ್ದರೆ ಬಿಟ್ಟುಬಿಡಿ. ಹೀಗಾಗಿ ನಿಮ್ಮ ಟ್ಯಾಂಕಿಗೆ ಉಳಿಯುವುದು ಮಶ್ರೂಮ್, ಜೋವಾ, ಲೆದರ್‌ಗಳೇ. ನನ್ನನ್ನು ಕೇಳಿದರೆ ಅದೇನೂ ಕೊರತೆ ಅಲ್ಲ. ಅವು ಗಟ್ಟಿಜೀವಗಳು, ಮತ್ತು ಲೈಟಿನ ಖರ್ಚು ಅರ್ಧಕ್ಕೆ ಇಳಿಯುತ್ತದೆ.

ಇನ್ನು ನಿಮ್ಮ ಅಳತೆಗೆ ಬರೋಣ. ಒಂದೂವರೆ ಅಡಿ ಆಳ ಹೆಚ್ಚೇನಲ್ಲ. ತೊಂದರೆ ಕೊಡುವುದು ಉದ್ದ. ಒಂದೇ ದೊಡ್ಡ ಲೈಟನ್ನು ನಡುವೆ ತೂಗಿಸಿದರೆ ಅದರ ಕೆಳಗೆ ಬೆಳಕು ಸುಡುವಷ್ಟಿರುತ್ತದೆ, ಎರಡೂ ತುದಿ ಮಂಕಾಗಿರುತ್ತವೆ. ಅಕ್ವಾ ಇಲ್ಯೂಮಿನೇಶನ್ ಪ್ರೈಮ್, ರೆಡ್ ಸೀಯ ರೀಫ್‌ಎಲ್‌ಇಡಿ 90ರಂಥ ಲೈಟುಗಳು ಒಂದೊಂದೂ ಸುಮಾರು ಎರಡಡಿ ಚೌಕದ ಜಾಗಕ್ಕೆ ಅಂತ ಮಾಡಿದವು. ಹಾಗಾಗಿ ನಿಮಗೆ 50 ವ್ಯಾಟ್ ಆಸುಪಾಸಿನ ಎರಡು ಸಣ್ಣ ಲೈಟುಗಳನ್ನು ಅಕ್ಕಪಕ್ಕ ಹಾಕುವುದು ಒಳ್ಳೆಯದು. ನೆರಳೂ ಕಡಿಮೆಯಾಗುತ್ತದೆ. ಬಜೆಟ್ ಬಿಗಿ ಇದ್ದರೆ ಬ್ಲ್ಯಾಕ್ ಬಾಕ್ಸ್ ಕೂಡ ನಡೆಯುತ್ತದೆ. ನೀಲಿ, ಬಿಳಿಗೆ ಬೇರೆ ಬೇರೆ ಡಿಮ್ಮರ್ ಇರುವುದನ್ನೇ ಆರಿಸಿ, ನೀರಿನಿಂದ ಸ್ವಲ್ಪ ಮೇಲೆ ತೂಗುಹಾಕಿ. ಡಿಮ್ಮರ್ ಇಲ್ಲದ ಲೈಟು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಯಾಕೆಂದರೆ ಹೊಸ ಎಲ್‌ಇಡಿ ಕೆಳಗೆ ಹವಳ ಸಾಯುವುದು ಬೆಳಕು ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಮೊದಲ ದಿನ 25–30 ಶೇಕಡಾದಲ್ಲಿ ಇಡಿ. ವಾರಕ್ಕೆ ಐದೋ ಹತ್ತೋ ಶೇಕಡಾ ಏರಿಸಿ. ಬಿಳಿಗಿಂತ ನೀಲಿ ಮುಂದಿರಲಿ. ದಿನಕ್ಕೆ 8ರಿಂದ 10 ಗಂಟೆ ಸಾಕು. ಮಧ್ಯೆ ಹವಳವೇ ಸುಳಿವು ಕೊಡುತ್ತದೆ. ಬಣ್ಣ ತಿಳಿಯಾಗುತ್ತಾ ಬೆಳ್ಳಗಾದರೆ, ಮಶ್ರೂಮ್ ಮುದುಡಿಕೊಂಡರೆ ಬೆಳಕು ಹೆಚ್ಚಾಗಿರಬಹುದು, ತಕ್ಷಣ ಇಳಿಸಿ. ಕಂದು ತಿರುಗಿದರೆ, ಜೋವಾದ ಕುತ್ತಿಗೆ ಲೈಟಿನ ಕಡೆ ಉದ್ದವಾದರೆ ಕಡಿಮೆ ಬೀಳುತ್ತಿದೆ. ಕಂದು ಬಣ್ಣ ಕಂಡು ಜನ ಹೆದರುತ್ತಾರೆ, ಬಿಳಿ ಕಂಡು ‘ಕಲರ್ ಬರ್ತಿದೆ’ ಅಂತ ಖುಷಿಯಾಗುತ್ತಾರೆ. ನಿಜಕ್ಕೂ ಹೆದರಬೇಕಾದದ್ದು ಬಿಳಿಗೆ. ಒಳಗಿನ ಪಾಚಿ ಹೋದರೆ ಹವಳ ಹಸಿವಿನಿಂದ ಸಾಯುತ್ತದೆ.

ಪಾರ್ ಮೀಟರ್ ದುಬಾರಿ, ಒಬ್ಬರೇ ಕೊಳ್ಳುವ ವಸ್ತು ಅಲ್ಲ. ಪರಿಚಯದ ಹವ್ಯಾಸಿಗಳ ಹತ್ತಿರ ಒಂದು ಸಂಜೆಗೆ ಕೇಳಿ ತಂದು, ಮರಳಿನ ಮಟ್ಟದಲ್ಲೂ ಕಲ್ಲಿನ ತುದಿಯಲ್ಲೂ ಅಳೆದು ಬರೆದಿಡಿ. ಮೊಬೈಲಿನಲ್ಲಿ ಬೆಳಕು ಅಳೆಯುವ ಲಕ್ಸ್ ಆ್ಯಪ್ ನಂಬಬೇಡಿ, ನೀಲಿ ಬೆಳಕಿನಲ್ಲಿ ಅದು ಏನೇನೋ ತೋರಿಸುತ್ತದೆ.

ಕರೆಂಟ್ ಬಿಲ್ಲಿಗೆ ಹೆದರಬೇಡಿ. ಎರಡೂ ಸೇರಿ 100 ವ್ಯಾಟ್ ಎಳೆದರೂ, ದಿನಕ್ಕೆ 9 ಗಂಟೆ ಉರಿದರೆ ತಿಂಗಳಿಗೆ 27 ಯೂನಿಟ್. ಲೈಟಿನ ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಇಳಿಬಿಟ್ಟು ಮೇಲೆತ್ತಿ, ಆಗ ಜಾರಿದ ಉಪ್ಪುನೀರು ಸಾಕೆಟ್ ಒಳಗೆ ಹೋಗುವುದಿಲ್ಲ. ಕರೆಂಟ್ ಹೋದಾಗಿನ ಚಿಂತೆಯೂ ಲೈಟಿನದಲ್ಲ. ಒಂದು ಇಡೀ ದಿನ ಕತ್ತಲಾದರೂ ಹವಳಕ್ಕೆ ಏನೂ ಆಗುವುದಿಲ್ಲ. ನೀರು ಅಲುಗಾಡದೆ ನಿಂತರೆ ಮೀನುಗಳಿಗೆ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟುತ್ತದೆ. ಮನೆಯ ಯುಪಿಎಸ್‌ಗೆ ಲೈಟನ್ನು ಸಿಕ್ಕಿಸಬೇಡಿ, ನೀರು ಅಲುಗಾಡಿಸುವ ವೇವ್‌ಮೇಕರ್ ಸಿಕ್ಕಿಸಿ.