ಆ ಕೈ ಎತ್ತಬಾರದೇ?

ಸ್ತನ ಕ್ಯಾನ್ಸರ್ ಆಪರೇಷನ್ ಮುಗಿಸಿಕೊಂಡು ಊರಿಗೆ ಬಂದವರಿಗೆ ಮಂಡ್ಯ ಸೀಮೆಯಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ಆ ಕೈಲಿ ಏನೂ ಎತ್ಬ್ಯಾಡ ಕಣವ್ವ." ಅಕ್ಕರೆಯ ಮಾತೇ. ಆದರೆ ತಿಂಗಳುಗಟ್ಟಲೆ ಅದನ್ನೇ ಪಾಲಿಸಿದರೆ ಭುಜ ಬಿಗಿದುಕೊಂಡು, ತಲೆ ಬಾಚಿ ತುರುಬು ಕಟ್ಟಿಕೊಳ್ಳಲೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಂಗಾಂಶಗಳಲ್ಲಿ ಜಿನುಗಿ ಉಳಿದ ದ್ರವವನ್ನು ದುಗ್ಧನಾಳಗಳು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ತೋಳಿನ ನಾಳಗಳು ಹಾದುಹೋಗುವುದು ಕಂಕುಳ ಗ್ರಂಥಿಗಳ ಮೂಲಕ. ಸ್ತನದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹಬ್ಬುವುದೂ ಅಲ್ಲಿಗೇ, ಹಾಗಾಗಿ ಸರ್ಜನ್ ಅವನ್ನು ತೆಗೆಯುತ್ತಾರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ಬಸಿಗಾಲುವೆ ಮುಚ್ಚಿಹೋದರೆ ಗದ್ದೆ ಏನಾಗುತ್ತದೆಂದು ಮಂಡ್ಯದವರಿಗೆ ಹೇಳಬೇಕಿಲ್ಲ. ತೋಳಿನಲ್ಲೂ ಹಾಗೇ ನೀರು ನಿಲ್ಲುತ್ತದೆ. ಇದೇ ಲಿಂಫೆಡೀಮಾ. ಕಂಕುಳ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ ಬರುತ್ತದೆ, ಕೆಲವರಿಗೆ ವರ್ಷಗಳು ಕಳೆದ ಮೇಲೆ. ಕ್ಯಾನ್ಸರ್ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ಸೆಂಟಿನೆಲ್ ವಿಧಾನದಲ್ಲಿ ಈ ಕಾಟ ಬಹಳ ಕಡಿಮೆ.

ವೈದ್ಯರೂ ಬಹುಕಾಲ "ಕೈಗೆ ಶ್ರಮ ಬೇಡ" ಎಂದೇ ಹೇಳುತ್ತಿದ್ದರು. 1996ರಲ್ಲಿ ಕೆನಡಾದ ಕ್ರೀಡಾವೈದ್ಯ ಡಾನ್ ಮೆಕೆಂಜಿ ಇಂಥ 24 ಹೆಂಗಸರನ್ನು ಉದ್ದನೆಯ ದೋಣಿ ಹತ್ತಿಸಿ ಹುಟ್ಟು ಹಾಕಿಸಿದರು. ಹೊಸದಾಗಿ ಯಾರಿಗೂ ಊತ ಬರಲಿಲ್ಲ. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ತಂಡ, ಆಗಲೇ ತೋಳು ಊದಿದ್ದ 141 ಮಂದಿಯಲ್ಲಿ ಅರ್ಧದಷ್ಟು ಜನರಿಂದ ಹಂತಹಂತವಾಗಿ ಭಾರ ಎತ್ತಿಸಿತು. ಊತ ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ ಶೇ. 14, ಎತ್ತದವರಲ್ಲಿ ಶೇ. 29. ಸ್ನಾಯು ಕುಗ್ಗಿ ಹಿಗ್ಗಿದಾಗ ನಾಳಗಳಲ್ಲಿ ದ್ರವ ಮುಂದಕ್ಕೆ ಸರಿಯುತ್ತದೆ. ಹಾಗೆಂದು ಮರುವಾರವೇ ತುಂಬಿದ ಬಿಂದಿಗೆ ಎತ್ತಬಾರದು. ಅಲ್ಲಿ ಎತ್ತಿಸಿದ್ದು ತೋಳಿಗೆ ಅಳತೆಗೆ ಹೊಲಿದ ಬಿಗಿ ತೋಳುಚೀಲ ಹಾಕಿಸಿ, ತರಬೇತಿ ಕೊಟ್ಟು, ಭಾರವನ್ನು ನಿಧಾನಕ್ಕೆ ಏರಿಸಿ.

ಶುರು ಮಾಡುವುದು ಗೋಡೆಯಿಂದ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಿ, ಮುಟ್ಟಿದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯುವುದು. ಕಂಕುಳಿಂದ ಮೊಣಕೈವರೆಗೆ ಚರ್ಮದಡಿ ದಾರದಂಥ ಎಳೆಗಳು ಬಿಗಿದು ನೋಯಬಹುದು; ಗಾಬರಿ ಬೇಡ, ಫಿಸಿಯೋಥೆರಪಿಯಿಂದ ಸಡಿಲವಾಗುತ್ತವೆ. ಭುಜ ಬಾಗಲೇಬೇಕು, ಏಕೆಂದರೆ ರೇಡಿಯೇಷನ್ ಕೊಡುವಾಗ ಕೈಯನ್ನು ತಲೆಯ ಮೇಲಕ್ಕೆ ಚಾಚಿ ಅಲುಗದೆ ಮಲಗಬೇಕು.

ಊತವನ್ನು ಮೊದಲು ಪತ್ತೆ ಹಚ್ಚುವುದು ಎಷ್ಟೋ ಸಲ ಗಾಜಿನ ಬಳೆಯೇ. ಸಲೀಸಾಗಿ ಜಾರುತ್ತಿದ್ದದ್ದು ಮುಂಗೈಯಲ್ಲಿ ಅಚ್ಚೊತ್ತತೊಡಗಿದರೆ ತೋರಿಸಿಕೊಳ್ಳಬೇಕು. ಕಬ್ಬಿನ ಗರಿ ಗೀರಿದ ಜಾಗ ಕೆಂಪಗೆ ಬಿಸಿಯಾಗಿ ಜ್ವರ ಬಂದರೆ ನಾಳೆಗೆ ಬಿಡಬಾರದು: ಈ ತೋಳಿನಲ್ಲಿ ಸೋಂಕು ಬೇಗ ಹಬ್ಬುತ್ತದೆ.

ಮನಸ್ಸಿನ ಮಾತಿಗೆ ಸೆರಗು ಅಡ್ಡ. ಹೊರಗೆ ಏನೂ ಕಾಣದ್ದರಿಂದ ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಒಂದು ಕಡೆಯ ಭಾರ ಹೋದ ಮೇಲೆ ಕತ್ತು, ಬೆನ್ನು ನೋಯುವುದುಂಟು. ರವಿಕೆಯೊಳಗೆ ಇಡುವ ಸಿಲಿಕೋನ್ ಸ್ತನವನ್ನು ಕೇಳಿ ಪಡೆಯುವುದು ಶೋಕಿಯಲ್ಲ. ಚೆಕಪ್ ದಿನ ಹತ್ತಿರವಾದಂತೆ "ಮತ್ತೆ ಬಂದ್ರೆ?" ಎಂಬ ದಿಗಿಲಿಗೆ ನಿದ್ದೆ ಕೆಡುವುದು ಬಹುಪಾಲು ಎಲ್ಲರಿಗೂ ಇದ್ದದ್ದೇ. ವಾರಗಟ್ಟಲೆ ಊಟ-ನಿದ್ದೆ ಸೇರದಿದ್ದರೆ ಮಾತ್ರ ಅದನ್ನು ಖಿನ್ನತೆಯೆಂದು ತಿಳಿದು ಚಿಕಿತ್ಸೆ ಕೊಡಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗಂಡಂದಿರೂ ಮಾಡಬಹುದು, ಹೆಂಡತಿಯ ಎದುರು ಏನು ಮಾತಾಡಬೇಕೆಂದು ತೋಚದೆ ಗದ್ದೆ ಕಡೆ ಹೋಗಿ ಕೂರುವವರು ಬೇಕಾದಷ್ಟು ಜನ ಇದ್ದಾರೆ.