ಕಾಲ್ ಕನೆಕ್ಟ್ ಆಯ್ತು, 32ನೇ ಸೆಕೆಂಡಿಗೆ ಕಟ್ ಆಯ್ತು

"ಕಾಲ್ ಹೋಗುತ್ತೆ ಸಾರ್, ಮುಖ ಕಾಣುತ್ತೆ, ಮಾತೂ ಕೇಳುತ್ತೆ, ಆಮೇಲೆ ತಾನಾಗೇ ಕಟ್ ಆಗುತ್ತೆ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದಲು ಕೇಳೋದು, ಎಷ್ಟು ಹೊತ್ತಿಗೆ ಕಟ್ ಆಗುತ್ತೆ ಅಂತ. ಬೇರೆ ಬೇರೆ ವಿಡಿಯೋ ಕಾಲ್ ಸಿಸ್ಟಮ್‌ಗಳನ್ನ ಜೋಡಿಸೋದು ನನ್ನ ಕೆಲಸ. "ಒಂದರ್ಧ ನಿಮಿಷ ಇರಬಹುದು" ಅಂದ್ರೆ ನನ್ನ ಅರ್ಧ ಕೆಲಸ ಮುಗೀತು. ವಾಚ್ ಇಟ್ಕೊಂಡು ಸರಿಯಾಗಿ ನೋಡಿ ಅಂತೀನಿ, ಸಾಮಾನ್ಯವಾಗಿ 32 ಸೆಕೆಂಡ್ ಅಂತಲೇ ಉತ್ತರ ಬರುತ್ತೆ. ನೆಟ್ ಸ್ಲೋ ಇದ್ದಿದ್ರೆ ಇಷ್ಟು ಕರಾರುವಾಕ್ಕಾಗಿ ಕಟ್ ಆಗಲ್ಲ, ಇದು ಲೆಕ್ಕ ಹಾಕಿ ಕಟ್ ಮಾಡಿರೋದು.

ಆಫೀಸ್ ಮೀಟಿಂಗ್ ರೂಮುಗಳಲ್ಲಿರೋ ವಿಡಿಯೋ ಸಿಸ್ಟಮ್‌ಗಳು ಹೆಚ್ಚಿನವು ಸಿಪ್ ಅನ್ನೋ ಪ್ರೋಟೋಕಾಲಲ್ಲಿ, ಅಂದ್ರೆ ಕಾಲ್ ಜೋಡಿಸೋ ಮಾತಿನ ನಿಯಮದಲ್ಲಿ, ಮಾತಾಡ್ತವೆ. ಕರೆಯೋನು ಇನ್ವೈಟ್ ಕಳಿಸ್ತಾನೆ, ಆ ಕಡೆಯವನು 200 ಓಕೆ ಅಂತಾನೆ, ಕರೆದೋನು ಮತ್ತೆ "ನಿನ್ನ ಓಕೆ ಸಿಕ್ತು" ಅಂತ ಆಕ್ ಕಳಿಸ್ಬೇಕು. ಈ ಮೂರನೇದು ದಾರಿಲಿ ಕಳೆದುಹೋದ್ರೆ ಆ ಕಡೆಯವನು ಓಕೆ ಓಕೆ ಅಂತ ಮತ್ತೆ ಮತ್ತೆ ಕಳಿಸ್ತಾನೇ ಇರ್ತಾನೆ, ಮೊದಲು ಅರ್ಧ ಸೆಕೆಂಡ್ ಬಿಟ್ಟು, ಆಮೇಲೆ ಒಂದು, ಎರಡು, ನಾಲ್ಕು, ಹೀಗೆ ಕಾದು ಕಾದು, ಅರ್ಧ ಸೆಕೆಂಡಿನ 64 ಪಟ್ಟು ಅಂದ್ರೆ 32 ಸೆಕೆಂಡ್ ಆದ್ಮೇಲೆ ಇವನ ಸಹವಾಸ ಸಾಕು ಅಂತ ಬೈ ಹೇಳಿಬಿಡ್ತಾನೆ. ಅಷ್ಟರೊಳಗೆ ವಿಡಿಯೋ ಆಡಿಯೋ ಬೇರೆ ದಾರಿಲಿ ಆರಾಮಾಗಿ ಓಡಾಡ್ತಿರುತ್ತೆ, ಅದಕ್ಕೇ ಜನಕ್ಕೆ ತಲೆಬುಡ ಅರ್ಥ ಆಗಲ್ಲ. ಆಕ್ ಯಾಕೆ ಕಳೆದುಹೋಯ್ತು ಅಂತ ನೋಡಿದ್ರೆ, ಎಷ್ಟೋ ಸಲ ಆ ಸಿಸ್ಟಮ್ ತನ್ನ ಓಕೆಯಲ್ಲಿ 192.168 ಅಂತ ಶುರುವಾಗೋ ಒಳಮನೆ ಅಡ್ರೆಸ್ ಬರೆದು ಕೂತಿರುತ್ತೆ. ಹೊರಗಿನವರಿಗೆ ಆ ಅಡ್ರೆಸ್ ಸಿಗೋದಾದ್ರೂ ಹೇಗೆ?

ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಅನ್ಸಿರೋದು ಏನಂದ್ರೆ, ಎರಡು ಸಿಸ್ಟಮ್‌ಗಳು ಬೇರೆ ಬೇರೆ ಭಾಷೆ ಮಾತಾಡಿದಾಗ ದೊಡ್ಡ ತೊಂದರೆ ಇಲ್ಲ, ಕಾಲೇ ಹೋಗಲ್ಲ, ಮಧ್ಯೆ ದುಭಾಷಿ ಥರ ಒಂದು ಗೇಟ್‌ವೇ ಇಟ್ರೆ ಆಯ್ತು. ಜೀವ ತಿನ್ನೋದು ಎರಡೂ ಒಂದೇ ಭಾಷೆ ಅಂತ ಹೇಳ್ಕೊಂಡು, ಬಾಯಿಬಿಟ್ಟು ಹೇಳದೇ ಇರೋದನ್ನ ಒಂದೊಂದು ಒಂದೊಂದು ಥರ ತಿಳ್ಕೊಂಡಾಗ.

ಒಂದು ಸಲ ಎರಡು ಮೀಟಿಂಗ್ ರೂಮ್ ಜೋಡಿಸೋಕೆ ನನ್ನ ಕರೆಸಿದ್ರು, ಎರಡೂ ಕಡೆ ಬೇರೆ ಬೇರೆ ಕಂಪನಿ ಸಿಸ್ಟಮ್, ವಿಡಿಯೋನ ಕುಗ್ಗಿಸಿ ಕಳಿಸೋ ಎಚ್.264 ಅನ್ನೋ ವಿಧಾನವನ್ನ ಎರಡೂ ಸಪೋರ್ಟ್ ಮಾಡ್ತವೆ ಅಂತ ದಪ್ಪ ಅಕ್ಷರದಲ್ಲಿ ಬ್ರೋಷರಲ್ಲಿದೆ. ಕಾಲ್ ಮಾಡಿದ್ರೆ ಧ್ವನಿ ಸ್ಫಟಿಕದ ಹಾಗೆ, ಚಿತ್ರ ಮಾತ್ರ ಗೋಡೆಯಗಲದ ಪರದೆ ಮೇಲೆ ಸ್ಟಾಂಪ್ ಸೈಜಿನ ಫೋಟೋ ಎಳೆದು ಹಿಗ್ಗಿಸಿದ ಹಾಗೆ, ಮನುಷ್ಯನ ಮೂಗು ಎಲ್ಲಿ ಕಣ್ಣು ಎಲ್ಲಿ ಗೊತ್ತಾಗ್ತಿರ್ಲಿಲ್ಲ. ಈ ಕಡೆ ಇಂಜಿನಿಯರ್ "ನಮ್ಮದು ಸ್ಟ್ಯಾಂಡರ್ಡ್ ಪ್ರಕಾರ ಇದೆ" ಅಂದ್ರು, ಆ ಕಡೆಯವರೂ ಅದನ್ನೇ ಅಂದ್ರು. ಇಬ್ಬರೂ ಹೇಳಿದ್ದು ನಿಜ.

ನೋಡಿ, ಕಾಲ್ ಶುರುವಾಗೋವಾಗ ಎರಡೂ ಕಡೆ ಒಂದು ಚೀಟಿ ಬದಲಾಯಿಸ್ಕೊಳ್ತವೆ, ನಾನು ಯಾವ ಕೋಡೆಕ್, ಅಂದ್ರೆ ಕುಗ್ಗಿಸೋ ವಿಧಾನ, ಬಲ್ಲೆ, ಎಷ್ಟು ದೊಡ್ಡ ಚಿತ್ರ ತಗೋತೀನಿ ಅಂತ. ಅದರಲ್ಲಿ ಎಚ್.264ಗೆ ಪ್ರೊಫೈಲ್-ಲೆವೆಲ್-ಐಡಿ ಅಂತ ಆರು ಅಕ್ಷರದ ಒಂದು ಕೋಡ್ ಇರುತ್ತೆ, ಉದಾಹರಣೆಗೆ 42ಇ01ಎಫ್. ಇದು ಹದಿನಾರರ ಲೆಕ್ಕದ ಬರಹ, ಕೊನೆಯ 1ಎಫ್ ಅಂದ್ರೆ ನಮ್ಮ ದಶಮಾನದಲ್ಲಿ 31, ಅಂದ್ರೆ ಲೆವೆಲ್ 3.1, ಅಂದ್ರೆ 1280×720 ಚಿತ್ರ ಸೆಕೆಂಡಿಗೆ 30 ಫ್ರೇಮ್ ತಡ್ಕೋತೀನಿ ಅಂತ ಅರ್ಥ. ಈ ಕೋಡೇ ಬರೆದಿಲ್ಲ ಅಂದ್ರೆ? ಸ್ಟ್ಯಾಂಡರ್ಡ್ ಅದಕ್ಕೂ ಉತ್ತರ ಇಟ್ಟಿದೆ, ಏನೂ ಹೇಳದಿದ್ರೆ ಲೆವೆಲ್ 1 ಅಂತ ತಿಳ್ಕೊಳ್ಳಿ. ಲೆವೆಲ್ 1ರಲ್ಲಿ ಒಂದು ಫ್ರೇಮಿಗೆ 16×16 ಪಿಕ್ಸೆಲ್‌ನ 99 ಚೌಕ ಮಾತ್ರ, ಹನ್ನೊಂದು ಅಡ್ಡ ಒಂಬತ್ತು ಉದ್ದ, 176×144. ಅದೇ 720ರ ಚಿತ್ರಕ್ಕೆ 3600 ಚೌಕ ಬೇಕು.

ಎರಡು ಸಿಸ್ಟಮ್ಮೂ ಕೋಡನ್ನ ಸರಿಯಾಗೇ ಬರೀತಿದ್ವು. ಮಧ್ಯೆ ಕೂತಿದ್ದ ಒಂದು ಸೆಕ್ಯುರಿಟಿ ಬಾಕ್ಸ್ ಆ ಸಾಲು ತನಗೆ ಗೊತ್ತಿಲ್ಲ ಅಂತ ಅಳಿಸಿ ಮುಂದಕ್ಕೆ ಕಳಿಸ್ತಿತ್ತು. ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಅದೇ ಕಥೆ. ಮೂರು ಕಡೆ ಪ್ಯಾಕೆಟ್, ಅಂದ್ರೆ ನೆಟ್‌ವರ್ಕಲ್ಲಿ ಓಡಾಡೋ ಡೇಟಾ ತುಣುಕು, ಹಿಡಿದು ಪಕ್ಕಪಕ್ಕ ಇಟ್ಟು ನೋಡೋವರೆಗೂ ಯಾರೂ ತಪ್ಪು ಮಾಡಿಲ್ಲ ಅನ್ನೋ ಹಾಗೇ ಇತ್ತು.

ಇನ್ನೊಂದು ಇದೇ ಜಾತಿದು, ಬೂದು ಪರದೆ. ವಿಡಿಯೋ ಅಂದ್ರೆ ಪ್ರತಿ ಸಲ ಪೂರ್ತಿ ಚಿತ್ರ ಕಳಿಸಲ್ಲ, ಹಿಂದಿನ ಫ್ರೇಮಿಗಿಂತ ಏನು ಬದಲಾಯ್ತೋ ಅಷ್ಟನ್ನೇ ಕಳಿಸ್ತಾರೆ. ಮಧ್ಯದಲ್ಲಿ ಬಂದು ಸೇರ್ಕೊಂಡವನಿಗೆ ಮೊದಲು ಒಂದು ಪೂರ್ತಿ ಚಿತ್ರ ಬೇಕು, ಅದಕ್ಕೆ ಕೀಫ್ರೇಮ್ ಅಂತೀವಿ. ಅದನ್ನ ಕೇಳೋಕೆ ವಿಡಿಯೋ ಜೊತೆಗೇ ಹೋಗೋ ಚಿಕ್ಕ ಸಂದೇಶ ಒಂದು ದಾರಿ, ಸಿಪ್ ಒಳಗೆ ಇನ್ಫೋ ಮೆಸೇಜ್ ಕಳಿಸೋದು ಹಳೇ ದಾರಿ. ಒಬ್ಬ ಮುಂಬಾಗಿಲು ಬಡೀತಾನೆ, ಇನ್ನೊಬ್ಬ ಹಿತ್ತಿಲ ಬಾಗಿಲಲ್ಲಿ ಕಿವಿ ಇಟ್ಟು ಕೂತಿರ್ತಾನೆ, ಕೀಫ್ರೇಮ್ ಬರೋದೇ ಇಲ್ಲ, ಪರದೆ ಬೂದಾಗೇ ಇರುತ್ತೆ.

ಹಾಗಾದ್ರೆ ಬ್ರೌಸರಿಂದಲೇ ವಿಡಿಯೋ ಕಾಲ್ ಮಾಡಿಸೋ ವೆಬ್‌ಆರ್‌ಟಿಸಿ ಬಂದಿದೆಯಲ್ಲ, ಎಲ್ಲ ಬ್ರೌಸರಲ್ಲೂ ಇದೆಯಲ್ಲ, ಇನ್ನೂ ಯಾಕೆ ಒಂದು ಆ್ಯಪಿಂದ ಇನ್ನೊಂದು ಆ್ಯಪಿಗೆ ಕಾಲ್ ಹೋಗಲ್ಲ ಅಂತ ಜನ ಕೇಳ್ತಾರೆ. ಒಳ್ಳೆ ಪ್ರಶ್ನೆನೇ. 2011ರಲ್ಲಿ ಗೂಗಲ್ ಇದರ ಕೋಡ್ ಓಪನ್ ಮಾಡ್ತು, 2021ರ ಜನವರಿಯಲ್ಲಿ ವೆಬ್‌ಗೆ ನಿಯಮ ಮಾಡೋ ಡಬ್ಲ್ಯೂ3ಸಿ ಸಂಸ್ಥೆ ಅಧಿಕೃತ ಸ್ಟ್ಯಾಂಡರ್ಡ್ ಅಂತ ಮಾಡ್ತು, ಅದರ ಮಧ್ಯೆ ಕೋಡೆಕ್ ಯಾವುದು ಕಡ್ಡಾಯ ಅಂತ ವರ್ಷಗಟ್ಟಲೆ ಜಗಳ, ಒಂದು ಗುಂಪು ಎಚ್.264 ಅಂತ, ಇನ್ನೊಂದು ವಿಪಿ8 ಅಂತ, ಎತ್ತು ಏರಿಗೆ ಕೋಣ ನೀರಿಗೆ. 2014ರ ನವೆಂಬರಲ್ಲಿ ಬ್ರೌಸರ್‌ಗಳು ಎರಡನ್ನೂ ಹಾಕ್ಬೇಕು ಅಂತ ರಾಜಿ ಆಯ್ತು. ಇಷ್ಟೆಲ್ಲ ಕಿತ್ತಾಡಿದ್ದು ಚಿತ್ರ ಧ್ವನಿ ಹೇಗೆ ಹೋಗ್ಬೇಕು ಅನ್ನೋದಕ್ಕೆ. ಯಾರನ್ನ ಹೇಗೆ ಹುಡುಕ್ಬೇಕು, ರಿಂಗ್ ಹೇಗೆ ಮಾಡ್ಬೇಕು, ಆ ಚೀಟಿನ ಯಾವ ದಾರಿಲಿ ತಲುಪಿಸ್ಬೇಕು, ಅದನ್ನ ಬೇಕಂತಲೇ ಆಯಾ ಆ್ಯಪಿಗೆ ಬಿಟ್ಟುಬಿಟ್ರು. ಅಂದ್ರೆ ರಸ್ತೆ ಒಂದೇ, ಆದ್ರೆ ಒಬ್ಬರ ಮನೆ ವಿಳಾಸ ಇನ್ನೊಬ್ಬರ ಪುಸ್ತಕದಲ್ಲಿಲ್ಲ.

ಹಿಂದೆ ಜನ ಹೀಗಿರ್ಲಿಲ್ವಾ ಅಂದ್ರೆ, 1990ರ ಹೊತ್ತಿಗೆ ಎಚ್.261 ಅನ್ನೋ ಹಳೇ ವಿಡಿಯೋ ಕೋಡೆಕ್ ಬಂದಾಗಿನ ರಾಜಿ ನನಗೆ ಈಗಲೂ ಇಷ್ಟ. ಆಗ ಟಿವಿ ಲೋಕ ಪಾಲ್, ಎನ್‌ಟಿಎಸ್‌ಸಿ ಅಂತ ಎರಡು ಪ್ರಸಾರ ಪದ್ಧತಿಯಾಗಿ ಭಾಗ ಆಗಿತ್ತು, ಪಾಲ್ ಕಡೆ ಚಿತ್ರದ ಗೆರೆ ಜಾಸ್ತಿ, ಎನ್‌ಟಿಎಸ್‌ಸಿ ಕಡೆ ಫ್ರೇಮ್ ಜಾಸ್ತಿ. ಸಿಐಎಫ್ ಅಂತ 352×288ರ ಒಂದು ಅಳತೆ ಮಾಡಿದ್ರು, 288 ಅನ್ನೋದು ಪಾಲ್‌ನ 576 ಗೆರೆಯ ಅರ್ಧ, ಫ್ರೇಮ್ ವೇಗ ಮಾತ್ರ ಎನ್‌ಟಿಎಸ್‌ಸಿದು, ಸೆಕೆಂಡಿಗೆ 29.97. ಒಬ್ಬರು ಗೆರೆ ಬದಲಾಯಿಸ್ಕೋಬೇಕು, ಇನ್ನೊಬ್ಬರು ವೇಗ. ಯಾರಿಗೂ ಪೂರ್ತಿ ಖುಷಿ ಇಲ್ಲ, ಆದ್ರೆ ಕಷ್ಟ ಇಬ್ಬರಿಗೂ ಹಂಚಿತ್ತು.

ಅದಾದ್ಮೇಲೆ 2010ರ ಜೂನಲ್ಲಿ ಆಪಲ್‌ನ ವಿಡಿಯೋ ಕಾಲ್ ಫೇಸ್‌ಟೈಮ್ ತೋರಿಸೋವಾಗ ಸ್ಟೀವ್ ಜಾಬ್ಸ್ ವೇದಿಕೆ ಮೇಲೇ ಇದನ್ನ ಓಪನ್ ಸ್ಟ್ಯಾಂಡರ್ಡ್ ಮಾಡ್ತೀವಿ ಅಂದಿದ್ರು. ಅದು ಆಗಲೇ ಇಲ್ಲ. 2021ರಲ್ಲಿ ಬಂದಿದ್ದು ಲಿಂಕ್ ಕಳಿಸಿದ್ರೆ ಆಂಡ್ರಾಯ್ಡ್, ವಿಂಡೋಸ್‌ನವರು ಬ್ರೌಸರಲ್ಲಿ ಸೇರ್ಕೋಬಹುದು ಅನ್ನೋ ವ್ಯವಸ್ಥೆ. ಅದೇನು ಕಮ್ಮಿ ಅಲ್ಲ ಬಿಡಿ, ಆದ್ರೆ ಅದು ಅತಿಥಿಯಾಗಿ ಒಳಗೆ ಬರೋದು, ಅವರು ತಮ್ಮ ಆ್ಯಪಿಂದ ಕಾಲ್ ಮಾಡೋ ಹಾಗಿಲ್ಲ. ಈಗ ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಅನ್ನೋ ಕಾನೂನು, ದೊಡ್ಡ ಮೆಸೇಜ್ ಆ್ಯಪ್‌ಗಳು ಬೇರೆಯವರಿಗೂ ಬಾಗಿಲು ತೆರೀಬೇಕು ಅಂತ ಬಲವಂತ ಮಾಡ್ತಿದೆ. 2023ರ ಸೆಪ್ಟೆಂಬರಲ್ಲಿ ವಾಟ್ಸಾಪ್, ಮೆಸೆಂಜರನ್ನ ಪಟ್ಟಿಗೆ ಸೇರಿಸಿದ್ರು, ಬೇರೆ ಸೇವೆಯವರು ಕೇಳ್ಕೊಂಡ್ರೆ ಮೊದಲು ಟೆಕ್ಸ್ಟ್ ಮೆಸೇಜಿಗೆ ದಾರಿ ಬಿಡ್ಬೇಕು, ವಾಯ್ಸ್ ಮತ್ತು ವಿಡಿಯೋ ಕಾಲಿಗೆ ಮಾತ್ರ ನಾಲ್ಕು ವರ್ಷ ಗಡುವು. ವಿಡಿಯೋನ ಕೊನೆಗೆ ಇಟ್ಟಿದ್ದು ನೋಡಿ ಕಾನೂನು ಬರೆದವರಲ್ಲಿ ಯಾರೋ ಒಬ್ಬರು ಪ್ಯಾಕೆಟ್ ಹಿಡಿದು ಅನುಭವ ಇರೋರು ಇದ್ದಾರೆ ಅಂದ್ಕೊಂಡೆ.

ಯಾಕಂದ್ರೆ ನಮ್ಮಂಥವರ ಹಳೇ ಮಂತ್ರ ಅಲ್ಲಿ ನಡೆಯಲ್ಲ. ಎರಡು ಸಿಸ್ಟಮ್ ಹೊಂದಿಲ್ಲ ಅಂದ್ರೆ ನಾವು ಮಧ್ಯೆ ಗೇಟ್‌ವೇ ಇಟ್ಟು, ಒಂದು ಕಡೆ ವಿಡಿಯೋ ಬಿಚ್ಚಿ, ಇನ್ನೊಂದು ಕಡೆಗೆ ಬೇಕಾದ ಥರ ಮತ್ತೆ ಕಟ್ಟಿ ಕಳಿಸ್ತಿದ್ವಿ. ಎರಡು ತುದಿಯವರು ಮಾತ್ರ ಬಿಚ್ಚೋ ಹಾಗೆ ಬೀಗ ಹಾಕೋ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದ್ರೆ ಗೇಟ್‌ವೇಗೆ ಬಿಚ್ಚೋಕೆ ಕೀಲಿನೇ ಇಲ್ಲ, ಕೀಲಿ ಕೊಟ್ರೆ ಅದು ಎಂಡ್-ಟು-ಎಂಡ್ ಅಲ್ಲ. ಹಾಗಾಗಿ ಎರಡು ತುದಿಯ ಆ್ಯಪ್‌ಗಳೇ ಕೋಡೆಕ್ಕಿಂದ ಹಿಡಿದು ಕೀಲಿ ಬದಲಾಯಿಸೋವರೆಗೂ ಒಪ್ಕೋಬೇಕು, ಮಧ್ಯಸ್ಥಿಕೆಗೆ ಜಾಗ ಇಲ್ಲ.

ಹೊಸ ಸಿಸ್ಟಮ್ ತಗೊಳೋರು ಡೆಮೋ ಹೇಗೆ ನೋಡ್ಬೇಕು ಅಂತ ನನ್ನ ಕೇಳ್ತಿರ್ತಾರೆ. ಮಾರೋರು ತಮ್ಮದೇ ಎರಡು ಸಿಸ್ಟಮ್ ಮಧ್ಯೆ ಕಾಲ್ ಮಾಡಿ ಎರಡು ನಿಮಿಷ ಕೈ ಬೀಸಿ ತೋರಿಸ್ತಾರೆ, ಅದನ್ನ ನೋಡಿ ಏನೂ ಪ್ರಯೋಜನ ಇಲ್ಲ. ನಾನು ಬೇರೆ ಕಂಪನಿ ಸಿಸ್ಟಮಿಗೆ, ಬೇರೆ ನೆಟ್‌ವರ್ಕಿಗೆ, ಫೈರ್‌ವಾಲ್ ದಾಟಿಸಿ ಕಾಲ್ ಮಾಡಿಸ್ತೀನಿ. 32 ಸೆಕೆಂಡ್ ದಾಟ್ಲಿ ಅಂತ ಕಾಯ್ತೀನಿ, ಸ್ಕ್ರೀನ್ ಶೇರ್ ಶುರು ಮಾಡಿ ನಿಲ್ಲಿಸಿ ಮತ್ತೆ ಶುರು ಮಾಡಿಸ್ತೀನಿ, ಎರಡನೇ ಸಲಕ್ಕೇ ಎಷ್ಟೋ ಸಿಸ್ಟಮ್ ಮಕಾಡೆ ಮಲಗ್ತವೆ. ಆಮೇಲೆ ಮೂರನೆಯವರನ್ನ ತಡವಾಗಿ ಸೇರಿಸಿ ಬೂದು ಪರದೆ ಬರುತ್ತಾ ನೋಡ್ತೀನಿ. ಸಿಪ್‌ನಲ್ಲಿ ಸೆಷನ್ ಟೈಮರ್ ಅಂತ ಇದೆ, ಶಿಫಾರಸು 1800 ಸೆಕೆಂಡ್, ಅದರ ಅರ್ಧಕ್ಕೆ "ಇನ್ನೂ ಇದೀಯಾ" ಅಂತ ಒಂದು ವಿಚಾರಣೆ ಹೋಗುತ್ತೆ, ಅದಕ್ಕೆ ಸರಿಯಾಗಿ ಉತ್ತರ ಬರ್ಲಿಲ್ಲ ಅಂದ್ರೆ 15ನೇ ನಿಮಿಷಕ್ಕೋ 30ರ ಹತ್ತಿರಕ್ಕೋ ಕಾಲ್ ಬೀಳುತ್ತೆ. ಹಾಗಾಗಿ ಕಾಲ್ ಕಟ್ ಮಾಡಬೇಡಿ, 35 ನಿಮಿಷ ಹಾಗೇ ಬಿಡಿ ಅಂತೀನಿ. ಸೇಲ್ಸ್‌ನವರು ವಾಚ್ ನೋಡ್ಕೊಳ್ತಾರೆ, ನಾನೂ ವಾಚೇ ನೋಡ್ತಿರ್ತೀನಿ.